ಅಭ್ಯಂತರ ಇದೆ

ಗಾಜುವಾಕ, ವಿಶಾಖಪಟ್ಟಣ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಅಪೂರ್ವಾ,

ನಿನ್ನ ಕೆಮ್ಮು ಹೇಗಿದೆ? ಭವಾನಿಪುರಂನಲ್ಲಿ ಬೆಳಗಿನ ಹೊತ್ತು ನದಿಯ ಗಾಳಿ ಒಳ್ಳೆಯದಲ್ಲ, ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅಳಿಯ ತೇಜ ಇಬ್ರಾಹಿಂಪಟ್ನಂ ಪಾಳಿ ಮುಗಿಸಿ ಬಂದು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರಾ? ನಿನ್ನ ಅತ್ತೆಯವರ ಮಂಡಿನೋವಿಗೆ ಎಣ್ಣೆ ಕಳಿಸಿದ್ದೆ, ಮುಟ್ಟಿತೋ ಇಲ್ಲವೋ ಯಾರೂ ಹೇಳಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಸರೇ" ಎನ್ನುತ್ತೀಯ, ನಾನು "ಸರಿ" ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಹೋದ ಆರು ಕರೆಗಳಲ್ಲಿ ಒಂದೂ ಅರ್ಧ ನಿಮಿಷ ದಾಟಿಲ್ಲ, ತೆಗೆದು ನೋಡಿದ್ದೇನೆ. ಅದಕ್ಕೇ ಕಾಗದ. ನಿಧಾನಕ್ಕೆ ಓದು.

ನಿನ್ನ ಅಮ್ಮ ಎರಡು ಭಾನುವಾರದಿಂದ ತನ್ನ ಕನ್ನಡ ಕಾರ್ಯಕ್ರಮದಲ್ಲಿ ಅಡುಗೆ, ಕಥೆ ಹೇಳಲು ರೇಡಿಯೋ ಕೇಂದ್ರಕ್ಕೆ ಹೋಗಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ. ಚಿಕನ್‌ಗುನ್ಯಾ ಬಂದಾಗಲೂ ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದೆನಲ್ಲ, ಆ ಹೆಂಗಸು. ಆದದ್ದಿಷ್ಟು. ನಮ್ಮ ಪುಟ್ಟ ಕೇಂದ್ರದ ೮೯.೬ ನಂಬರು ಯಾವುದೋ ದೊಡ್ಡ ಕಂಪನಿಯ ಕಣ್ಣಿಗೆ ಬಿದ್ದಿದೆ. ನಮ್ಮನ್ನು ೧೦೭.೨ಕ್ಕೆ ಎತ್ತಿ ಹಾಕುತ್ತಾರಂತೆ. ಎತ್ತಿ ಹಾಕಲಿ, ನಂಬರಿಗೇನು ಮಡಿ ಮೈಲಿಗೆ ಎಂದುಕೊಂಡಿದ್ದೆ. ಆದರೆ ಪರೀಕ್ಷೆಗೆಂದು ಒಂದು ಭಾನುವಾರ ಆ ಜಾಗದಲ್ಲಿ ಬಿಟ್ಟರು ನೋಡು, ಪಕ್ಕದ ದೊಡ್ಡ ಕೇಂದ್ರದವರ ಸದ್ದು ನಮ್ಮ ಮೇಲೇ ಬಂದು ಕೂತಿತು. ನಿನ್ನ ಅಮ್ಮ ಒಗ್ಗರಣೆಗೆ ಇಂಗು ಎಂದರೆ ಹಿಂದಿನಿಂದ ಒಬ್ಬ ಬೋರ್‌ವೆಲ್ ಪೈಪು ಪೈಪು ಎಂದು ಅರಚುತ್ತಾನೆ. ಅರ್ಧ ಗಂಟೆಯಲ್ಲಿ ಹದಿನೇಳು ಸಲ ಪೈಪು. ಬ್ಯಾಂಕ್ ಕ್ವಾರ್ಟರ್ಸಿನವರು, ಟೈಲರ್ ಭ್ರಮರಾಂಬ, ಎಲ್ಲರೂ ಫೋನ್ ಮಾಡಿ ಏನೂ ಕೇಳಿಸಲಿಲ್ಲ ಎಂದರು. ಇವಳು ಸೆರಗಿನಲ್ಲಿ ಕೈ ಒರೆಸಿಕೊಂಡು, "ಯಾರ ಮನೇಲೂ ಕೇಳಿಸದ ಮೇಲೆ ನಾನು ಯಾರ ಹತ್ರ ಮಾತಾಡ್ಲಿ, ಗೋಡೆ ಹತ್ರಾನಾ?" ಎಂದು ತನ್ನ ಕಥೆಯ ಪುಸ್ತಕ ಕಪಾಟಿನ ಮೇಲಿಟ್ಟಳು. ಮತ್ತೆ ಇಳಿಸಿಲ್ಲ. ಮನೆಯಲ್ಲಿ ಮಾತೂ ಕಮ್ಮಿ.

ಅಭ್ಯಂತರ ಇದ್ದವರು ಬರೆದುಕೊಡಬಹುದು, ವಿಜಯವಾಡದಲ್ಲಿ ವಿಚಾರಣೆ ಎಂದು ನೋಟೀಸು ಬಂದಿತ್ತು. ನಲವತ್ತೊಂದು ಸಹಿ ನಾನೇ ಮನೆಮನೆಗೆ ಹೋಗಿ ಹಾಕಿಸಿದೆ. ಊದುಬತ್ತಿ ಚೀಲ ಹೊತ್ತು ಬೀದಿ ಸುತ್ತಿದವನಿಗೆ ಇನ್ನೊಬ್ಬರ ಬಾಗಿಲು ತಟ್ಟುವುದಕ್ಕೆ ಏನು ನಾಚಿಕೆ? ಸೋಮವಾರ ಹೋದೆ. ಆ ಕಚೇರಿ ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಮೆಟ್ಟಿಲ ಮೂಲೆಯಲ್ಲೆಲ್ಲ ಎಲೆಅಡಿಕೆ ಉಗಿದ ಕೆಂಪು. ಸಾಹೇಬರು ಕಿರುಬೆರಳಿನ ಉಗುರನ್ನು ಫೈಲಿನ ಮೂಲೆಯಿಂದ ಕೆರೆಯುತ್ತ ಕೂತಿದ್ದರು. ಟೀ ತರಿಸಲು ಎಂಟು ನಿಮಿಷ, ನಲವತ್ತೊಂದು ಮನೆಗಳ ಮಾತಿಗೆ ಐದು. ಕಂಪನಿಯವನು ನೀಟಾಗಿ ಬೈಂಡ್ ಮಾಡಿಸಿ ಹನ್ನೆರಡು ಪತ್ರ ಕೊಟ್ಟಿದ್ದ, ನಮ್ಮ ಗಾಜುವಾಕದವರಿಗೆ ಯಾವ ಅಭ್ಯಂತರವೂ ಇಲ್ಲ ಎಂದು. ನಾನು ಒಂದೊಂದೇ ಹಾಳೆ ತಿರುಗಿಸಿದೆ. ಹನ್ನೆರಡಕ್ಕೂ ಒಂದೇ ಪೆನ್ನು, ಒಂದೇ ಕೈ, ಒಂದೇ ಕಡೆ ತಿದ್ದಿದ ಗುರುತು. ಒಂಬತ್ತನೆಯದು ಪಂಪ್ ರಿಪೇರಿ ರಾಮಮೋಹನ್‌ದು. ಆತ ಹೋಗಿ ಎರಡು ವರ್ಷ ಆಯಿತು, ಹೆಣಕ್ಕೆ ಹೆಗಲು ಕೊಟ್ಟವನು ನಾನು. ಸಾಹೇಬರಿಗೆ ತೋರಿಸಿದೆ. ಅವರು ಒಮ್ಮೆ ನೋಡಿ, ಹಾಳೆ ಮಗುಚಿ, ಟೀ ಕುಡಿದರು. ಹೌದಲ್ಲ, ಸತ್ತವನಿಗೆ ಯಾವ ಅಭ್ಯಂತರ ಇರುತ್ತದೆ? ಥೂ.

ಇನ್ನು ನನ್ನ ಘನಕಾರ್ಯ ಕೇಳು. ತಿಳಿದ ಭಾಷೆಯಲ್ಲಿ ಬರೆಯಬಹುದು ಎಂದು ನೋಟೀಸಿನಲ್ಲಿತ್ತು. ಕನ್ನಡ ಸಂಘದ ದಕ್ಷಿಣಾಮೂರ್ತಿ, "ತೆಲುಗಲ್ಲೇ ಬರೆಸಿಬಿಡಿ ಶ್ರೀಕಂಠ, ಓದೋರು ಅವರು" ಎಂದರು. ಕೇಳುತ್ತೇನೆಯೇ? ಕನ್ನಡದ ಕಾರ್ಯಕ್ರಮಕ್ಕೆ ಕನ್ನಡದಲ್ಲೇ ಅರ್ಜಿ ಎಂದು ಎದೆ ಸೆಟೆದು, ಫಾರಂನ ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ "ಅಭ್ಯಂತರ ಇದೆ" ಎಂದು ಬರೆದು ಕೆಳಗೆ ಗೀಟು ಎಳೆದೆ. ಅಲ್ಲಿನ ಗುಮಾಸ್ತ ಬಾಬ್ಜಿ ಒಳ್ಳೆಯವನೇ. ಅಕ್ಷರ ಎರಡು ಭಾಷೆಗೂ ಹತ್ತಿರದ್ದಲ್ಲವೇ, ಕೂಡಿಸಿಕೊಂಡು ಓದಿದ. ಆದರೆ ನಮ್ಮ "ಇದೆ"ಯನ್ನು ದೀರ್ಘ ಎಳೆದು "ಇದೇ" ಮಾಡಿದ. "ಅಭ್ಯಂತರಂ ಇದೇ ಅನಿ ರಾಸಾರು, ಏದಂಡೀ?" ಎಂದ. ಅಭ್ಯಂತರ ಇದೇ ಅಂತ ಬರೆದಿದ್ದೀರಿ, ಯಾವುದು ಸ್ವಾಮಿ ಅದು? ಹಾಳೆಯ ಹಿಂದೆ ನೋಡಿದ, ಲಕೋಟೆ ಕೊಡವಿ ನೋಡಿದ. ನಾನು ಬಿಡಿಸಿ ಹೇಳುವಷ್ಟರಲ್ಲಿ ಸಾಹೇಬರು, ಅಭ್ಯಂತರದ ವಿವರ ಲಗತ್ತಿಸಿಲ್ಲ ಎಂದು ಬರೆದು ಮುಗಿಸಿದ್ದರು. ಕಂಪನಿಯವನು ನಕ್ಕ. ಅವನ ನಗುವಿಗಿಂತ ನನ್ನ ಆ ದಪ್ಪ ಗೀಟು ನೋಡಿ ನನಗೇ ಹೇಸಿಗೆಯಾಯಿತು.

ಹೊರಗೆ ಬಂದು ನಿಂತೆ. ನಿನ್ನ ಮನೆ ಕಡೆಗೆ ಹೋಗುವ ಭವಾನಿಪುರಂ ಬಸ್ಸು ನನ್ನ ಮುಂದೆಯೇ ಎರಡು ಸಲ ಹೋಯಿತು. ಹತ್ತಲಿಲ್ಲ. ಯಾಕೆಂದು ಕೇಳಬೇಡ.

ಅಮ್ಮನಿಗೆ ಇದ್ಯಾವುದೂ ಹೇಳಿಲ್ಲ, ವಿಚಾರಣೆ ಮುಂದಕ್ಕೆ ಹೋಯಿತು ಎಂದಿದ್ದೇನೆ. ನಿನ್ನ ಅತ್ತೆಯವರಿಗೂ ತೇಜನಿಗೂ ನನ್ನ ನಮಸ್ಕಾರ ಹೇಳು. ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಕೋ, ಸಿರಪ್ ನಂಬಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಶ್ರೀಕಂಠ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕರ ಸೋಮವಾರ ಸಂಜೆಯೊಳಗೆ ಹೊಸ ಫಾರಂ ತೆಲುಗಿನಲ್ಲಿ ಬರೆದು ತಂದರೆ ದಾಖಲು ಮಾಡುತ್ತೇನೆ ಎಂದಿದ್ದಾನೆ ಬಾಬ್ಜಿ. ಮೂವತ್ತನಾಲ್ಕು ವರ್ಷ ತೆಲುಗಿನಲ್ಲೇ ವ್ಯಾಪಾರ ಮಾಡಿದ್ದೇನೆ, ಒಂದು ಸಾಲು ಬರೆಯಲು ಬಾರದು. ನಮ್ಮ ಮನೆಯಲ್ಲಿ ಬರೆಯಬಲ್ಲವಳು ನೀನೊಬ್ಬಳೇ. ಹನ್ನೆರಡು ವರ್ಷದವಳಿದ್ದಾಗ ನೀನು ಅಮ್ಮನ ಪಕ್ಕ ಮೈಕಿನ ಮುಂದೆ ಕೂತು, "ಈಗ ಅಮ್ಮನ ಕಥೆ ಉಂದಿ" ಎಂದೆ. ಇದೆ ಎನ್ನುವ ಬದಲು ಬಾಯಿಗೆ ಬಂದ ತೆಲುಗು. ನಾನು ಎಲ್ಲರಿಗೂ ಕೇಳುವಂತೆ, "ಉಂದಿಯೋ, ಹಂದಿಯೋ?" ಎಂದೆ. ಎಲ್ಲರೂ ನಕ್ಕರು. ನೀನು ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋದೆ. ಆ ಕುರ್ಚಿಗೆ ಮತ್ತೆ ಬರಲಿಲ್ಲ, ನನ್ನ ಹತ್ತಿರ ಬಾಯಿ ಬಿಟ್ಟು ಮಾತಾಡಲೂ ಇಲ್ಲ. ಸೋಮವಾರ ಬಾಬ್ಜಿಯನ್ನು ಕೇಳಿದೆ, ಹಾಗಾದರೆ ನಾನು ಏನೆಂದು ಬರೆಯಬೇಕಿತ್ತಪ್ಪ ಎಂದು. "ಅಭ್ಯಂತರಂ ಉಂದಿ ಅಂಟೇ ಚಾಲಂಡಿ" ಎಂದ. ಅಷ್ಟಿದ್ದರೆ ಸಾಕಿತ್ತಂತೆ. ಇಪ್ಪತ್ತನಾಲ್ಕರ ಬೆಳಿಗ್ಗೆ ಖಾಲಿ ಫಾರಂ ಹಿಡಿದು ನಿನ್ನ ಬಾಗಿಲಿಗೆ ಬರುತ್ತೇನೆ. ಆ ಪದವನ್ನು ನಿನ್ನ ಕೈಯಲ್ಲೇ ಬರೆದುಕೊಡು. ಗೀಟು ನಾನು ಎಳೆಯುವುದಿಲ್ಲ.