ದೊಡ್ಡಪ್ಪನಿಗೆ ಹೇಳಬೇಕಾದ ಮಾತು

ಅಮ್ಮ,

ನಾನು ಕೆಲಸಕ್ಕೆ ಹೊರಟೆ. ಹಾಲು ಕಾಸಿಟ್ಟಿದೀನಿ, ಮುಚ್ಚೋದು ಮರೀಬೇಡ.

ಇವತ್ತು ದೊಡ್ಡಪ್ಪ ನಿನ್ನ ಹೊಲಿಗೆ ಮಿಷನ್ ಕೇಳೋಕೆ ಬರ್ತಾರೆ, ಸೊಸೆಗೆ ಬೇಕಂತೆ. ಅಪ್ಪ ಹೋದ ಮೇಲೆ ನಾವು ಅನ್ನ ತಿಂದಿದ್ದು ಅದರಿಂದಲೇ.

ಇಂಗ್ಲಿಷ್ ಮಾತಾಡೋ ಗಿರಾಕಿಗಳು ಅವಸರ ಮಾಡಿದ್ರೆ, ನಾನು ಕಲಿಸಿದ 'ಐ ಕಾಂಟ್', 'ಐ ವೋಂಟ್' ಎಲ್ಲಾ ಮಿಷನ್ ತುಳೀತಾನೇ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ, ತಲೆ ಕೂಡ ಎತ್ತಲ್ಲ. ದೊಡ್ಡಪ್ಪನ ಮುಂದೆ ಮಾತ್ರ 'ಆಯ್ತು ಭಾವ' ಬಿಟ್ಟು ಇನ್ನೊಂದು ಮಾತು ನಿನ್ನ ಬಾಯಲ್ಲಿ ನಾನು ಕೇಳಿಲ್ಲ. ಅಪ್ಪನ ಸೈಕಲ್ ಹೋಗಿದ್ದೂ ಹಾಗೇ.

ಅವರಿಗೆ ಇಂಗ್ಲಿಷ್ ಬೇಡಮ್ಮ. 'ಕೊಡಲ್ಲ' ಅನ್ನು, ಸಾಕು. ಅದರ ಹಿಂದೆಯೇ 'ಬೇಜಾರು ಮಾಡ್ಕೋಬೇಡಿ' ಅಂತ ಸೇರಿಸಬೇಡ. ತಲೆ ಎತ್ತದೆ ಮಿಷನ್ ತುಳೀತಾ ಇರು.