ಹಿತ್ತಾಳೆ ತಗಡು

೩ ಸೆಪ್ಟೆಂಬರ್ ೧೯೮೯, ಭಾನುವಾರ
ಎಂದಿನಂತೆ ಅಜ್ಜಂಪುರದಿಂದ ಕಡೂರಿಗೆ. ಒಂದು ಕಾಫಿ. ವಾಪಸ್ಸು. ಕಾರು ಸ್ಟಾರ್ಟ್ ಆಗಲು ಹ್ಯಾಂಡಲ್ ನಾಲ್ಕು ಸಲ ತಿರುಗಿಸಬೇಕಾಯಿತು. ಎಡಗಡೆ ಸೀಟಿನ ಮೇಲೆ ಪೇಪರ್ ಇಟ್ಟುಕೊಳ್ಳುವುದು ಅಭ್ಯಾಸವಾಗಿದೆ — ಖಾಲಿ ಕಾಣಬಾರದೆಂದೋ ಏನೋ. ವಿಶಾಲಾಕ್ಷಿ ತೀರಿಕೊಂಡು ಆರು ವರ್ಷ.

ಆ ಪೇಪರಿನಲ್ಲೇ ಓದಿದ್ದು: ಜುಲೈಯಿಂದ ಹೊಸ ಕಾನೂನು. ಹದಿನೈದು ವರ್ಷ ದಾಟಿದ ಕಾರಿಗೆ ಮತ್ತೆ ಪರೀಕ್ಷೆ, ರಿಜಿಸ್ಟ್ರೇಷನ್ ರಿನ್ಯೂವಲ್. ನನ್ನ ಆಸ್ಟಿನ್‌ಗೆ ಮೂವತ್ತೇಳು.

೬ ಸೆಪ್ಟೆಂಬರ್
ಮುನಾವರ್ ಶೆಡ್ಡಿಗೆ ಹೋದೆ. ಸೆಕೆಂಡ್ ಹ್ಯಾಂಡ್ ಕೊಂಡಾಗಿನಿಂದ ಅವನೇ ಮೆಕ್ಯಾನಿಕ್. ಹೊಗೆ ನೋಡಿ ನಕ್ಕ.

“ಏನ್ ಸಾರ್, ಶಿವನಿ ಸ್ಟೇಷನ್‌ನಾಗೆ ರೈಲಿನ ಇಂಜಿನ್ ಬಿಚ್ಕೊಂಡ್ ಬಂದ್ರಾ? ಬ್ರೇಕ್ ಇನ್ಸ್‌ಪೆಕ್ಟರು ಈಗ ಹೊಗೇನೂ ನೋಡ್ತಾರಂತೆ.”

ಪಿಸ್ಟನ್ ರಿಂಗ್ ಹೊಸದು ಹಾಕಬೇಕಂತೆ. ಹಾಕು ಎಂದೆ.

೧೯ ಸೆಪ್ಟೆಂಬರ್, ಸಂಜೆ
ತರೀಕೆರೆಯಲ್ಲಿ ಆರ್‌ಟಿಒ ಕ್ಯಾಂಪು. ಲಾರಿ, ಟ್ರಾಕ್ಟರುಗಳ ಸಾಲಿನಲ್ಲಿ ನಾನೊಬ್ಬ. ಹೊಗೆ ಪಾಸು. ಬ್ರೇಕು, ಲೈಟು ಪಾಸು. ಕೊನೆಗೆ ಚಾಸಿ ನಂಬರು. ಬಾನೆಟ್ ಒಳಗಿನ ಹಿತ್ತಾಳೆ ತಗಡಿನ ಮೇಲೆ ತೆಳು ಕಾಗದವಿಟ್ಟು ಇನ್ಸ್‌ಪೆಕ್ಟರ್ ಪೆನ್ಸಿಲ್ ಉಜ್ಜಿದರು. ಕಾಗದ ಕಪ್ಪಾಯಿತು. ನಂಬರು ಮೂಡಲಿಲ್ಲ.

“ಯಾರ್ರೀ ಇದನ್ನ ಅರ ಹಾಕಿ ಉಜ್ಜಿದ್ದು? ಕದ್ದ ಗಾಡಿಗೆ ಹಿಂಗ್ ಮಾಡ್ತಾರೆ.”

“ನನ್ನ ಹೆಂಡತಿ.”

ಹಿಂದೆ ನಿಂತಿದ್ದ ಲಾರಿ ಡ್ರೈವರ್ — “ಅಮ್ಮೋರು ಭಾರಿ ಗಟ್ಟಿಗಿತ್ತಿ ಕಣಪ್ಪೋ!” ಎಲ್ಲರೂ ನಕ್ಕರು. ನಾನೂ ನಗಬಹುದಿತ್ತು. ಆರ್‌ಸಿ ಪುಸ್ತಕ ತೋರಿಸಿ, ಹೊಸ ನಂಬರಿಗೆ ಅನುಮತಿ ಕೋರಿ ಮೇಲಿನವರಿಗೆ ಅರ್ಜಿ ಬರೆದುಕೊಟ್ಟು ಬಂದೆ.

೨೦ ಸೆಪ್ಟೆಂಬರ್
ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಪ್ರತಿ ಆಯುಧಪೂಜೆಗೆ ವಿಶಾಲಾಕ್ಷಿ ತಂಬಿಗೆ, ದೀಪದ ಕಂಬಗಳ ಜೊತೆ ಆ ತಗಡನ್ನೂ ಹುಣಿಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು. ಹತ್ತೊಂಬತ್ತು ವರ್ಷ. ಹೊಳೆದ ಮೇಲೆ ಮೂರು ಬೆರಳು ವಿಭೂತಿ. ದೇವರನ್ನು ನಂಬದ ನಾನು ಜಗಲಿಯಿಂದಲೇ ಹಂಗಿಸುತ್ತಿದ್ದೆ — “ಯಂತ್ರಕ್ಕೂ ಸ್ನಾನವೇ?”

“ನೀವು ದಿನಾ ಮುಖ ತೊಳ್ಕಳಲ್ವಾ? ಅದಕ್ಕೆ ವರ್ಷಕ್ಕೊಂದ್ ಸಲ ಕಣ್ರೀ.”

ಅಂಕಿಗಳು ಸವೆಯುತ್ತಿದ್ದದ್ದು ಇಬ್ಬರಿಗೂ ಕಾಣಲಿಲ್ಲ.

೨೯ ಸೆಪ್ಟೆಂಬರ್
ಪತ್ರ ಬಂತು. ಚಾಸಿಯ ಮೇಲೆ ಹೊಸದಾಗಿ ನಂಬರ್ ಪಂಚ್ ಮಾಡಿಸಲು ಅನುಮತಿ. ಹಳೆಯ ತಗಡನ್ನು ಕಿತ್ತು ಅಕ್ಟೋಬರ್ ಹದಿನಾರರೊಳಗೆ ಕಚೇರಿಗೆ ಒಪ್ಪಿಸಬೇಕು. ತಪ್ಪಿದರೆ ಕಾರು ರಸ್ತೆಗೆ ಇಳಿಯಕೂಡದು.

ನ್ಯಾಯವಾದದ್ದೇ. ಎರಡು ಸಲ ಓದಿದೆ.

೮ ಅಕ್ಟೋಬರ್, ಭಾನುವಾರ
ಮುನಾವರ್ ಪಂಚು, ಸುತ್ತಿಗೆ ಹಿಡಿದು ಮನೆಗೇ ಬಂದ. ಕಿಲುಬು ಹಿಡಿದ ತಗಡು, ಎರಡೇ ಸ್ಕ್ರೂ. ಒಂದನ್ನು ಬಿಚ್ಚಿದ.

“ಬಿಡು ಮುನಾವರ್.”

“ಬಿಟ್ರೆ ಗಾಡಿ ಇಲ್ಲೇ ನಿಂತ್ಕಂತದೆ ಸಾರ್. ಭಾನುವಾರ ಏನ್ ಮಾಡ್ತೀರಾ?”

“ಬಸ್ಸಿದೆ.”

ಅವನು ನನ್ನ ಮುಖ ನೋಡಲಿಲ್ಲ. ಬಿಚ್ಚಿದ ಸ್ಕ್ರೂವನ್ನು ಮತ್ತೆ ಬಿಗಿದ, ಬೇಕಾದ್ದಕ್ಕಿಂತ ಹೆಚ್ಚೇ. ಹೋಗುವಾಗ — “ಅಮ್ಮೋರು ಇದ್ದಾಗ ಆಯುಧಪೂಜೆಗೆ ನಂಗೂ ಒಂದ್ ಚೀಲ ಮಂಡಕ್ಕಿ ಇರ್ತಿತ್ತು.”

೯ ಅಕ್ಟೋಬರ್, ಆಯುಧಪೂಜೆ, ಬೆಳಿಗ್ಗೆ
ಹುಣಿಸೆಹಣ್ಣು ನೆನೆಹಾಕಿದ್ದೇನೆ. ಇಟ್ಟಿಗೆ ಪುಡಿಯ ಡಬ್ಬ ಎಲ್ಲೂ ಸಿಗಲಿಲ್ಲ. ಹಿತ್ತಲಲ್ಲಿ ಅರ್ಧ ಇಟ್ಟಿಗೆ ಬಿದ್ದಿತ್ತು, ಕುಟ್ಟಿದೆ. ತರಿತರಿ. ಜರಡಿ ಹಿಡಿಯುತ್ತಿದ್ದಳೋ, ಬಟ್ಟೆಯಲ್ಲಿ ಸೋಸುತ್ತಿದ್ದಳೋ — ಹತ್ತೊಂಬತ್ತು ವರ್ಷ ಅದೇ ಜಗಲಿಯಲ್ಲಿ ಕೂತಿದ್ದೆ, ಒಂದು ಸಲವೂ…