ನನ್ನ ಫೋನಿನ ಚೈನೀಸ್ ಪಾಠ

ಮಗಾ,

ಡ್ಯೂಟಿ ಮುಗಿಸಿ ಬಂದವನು ಶೂ ಬಿಚ್ಚುವ ಮೊದಲು ಇದನ್ನು ಓದು. ನನ್ನ ಫೋನ್ ಫ್ರಿಜ್ಜಿನ ಮೇಲಿದೆ. ನೀನು ಹಾಕಿಕೊಟ್ಟ ಚೈನೀಸ್ ಕಲಿಸುವ ಆ್ಯಪ್ ತೆಗೆದುಹಾಕು. ಅದು ಪ್ರವಾಸ ಹೋಗುವವರಿಗೆ ಮಾಡಿದ್ದು, ಅತ್ತೆಯರಿಗಲ್ಲ.

ಬೆಳಿಗ್ಗೆ ನಿನ್ನ ಹೆಂಡತಿಯನ್ನು ಅವಳ ಭಾಷೆಯಲ್ಲೇ ಮಾತಾಡಿಸೋಣ ಎಂದು ಮೊದಲ ಪಾಠ ಒತ್ತಿ, ಫೋನನ್ನು ಅವಳ ಮುಂದೆ ಹಿಡಿದೆ. ಅವಳ ಮುಖ ಚಿಕ್ಕದಾಯಿತು. ಫೋನ್ ಹೇಳಿದ್ದರ ಅರ್ಥ ಆಮೇಲೆ ಓದಿದೆ: "ನೀವು ಯಾವಾಗ ಹೊರಡುತ್ತೀರಿ?" ಈಗ ಸೂಟ್‌ಕೇಸ್ ತುಂಬುತ್ತಿದ್ದಾಳೆ. ನಾನು ಕೈಸನ್ನೆ ಮಾಡಿದಷ್ಟೂ ಬೇಗ ಬೇಗ ಬಟ್ಟೆ ಮಡಚುತ್ತಾಳೆ.

ನೀನೇ ಅವಳಿಗೆ ಬಿಡಿಸಿ ಹೇಳು. ಪುಕ್ಕಟೆ ಅಂತ ಸಿಕ್ಕಿದ್ದನ್ನು ಹಾಕಬೇಡ. "ಊಟ ಆಯ್ತಾ, ಇಲ್ಲೇ ಇರು" ಅನ್ನೋದನ್ನು ಮೊದಲು ಕಲಿಸುವಂಥದ್ದು ನೋಡಿ ಹಾಕು.

ಬೇಕರಿ ಕೆಲಸಕ್ಕೆ ಹೊತ್ತಾಯಿತು. ಅವಳು ಹೋಗದಿರಲಿ ಎಂದು ಅವಳ ಚಪ್ಪಲಿಯನ್ನು ನಾನೇ ಮೆಟ್ಟಿಕೊಂಡು ಹೊರಟಿದ್ದೇನೆ. ಈಗಲೇ ಕಚ್ಚುತ್ತಿದೆ.

ಅಮ್ಮ